ನ್ಯಾಯಪೀಠದ ಮುಂಬಾಗಿಲೂ ಹಿಂಬಾಗಿಲೂ

ರಾಜಕಾರಣದಲ್ಲಿ ಕಾಲಿಟ್ಟವನು ನ್ಯಾಯಪೀಠಕ್ಕೆ ತಕ್ಕವನಲ್ಲವೆಂಬ ಮಾತು ವಿದ್ಯಾವಂತರ ನಡುವೆ ಬಹುಕಾಲದಿಂದ ನಡೆದುಬಂದಿದೆ. ಪಕ್ಷದ ಬಾವುಟವನ್ನು ಹಿಡಿದ ಕೈ ನ್ಯಾಯದ ತಕ್ಕಡಿಯನ್ನು ಸಮನಾಗಿ ಹಿಡಿಯಲಾರದು. ಉಪ್ಪುಂಡ ಮನೆಯ ಋಣವನ್ನು ಮರೆಯುವುದು ಮನುಷ್ಯಸ್ವಭಾವಕ್ಕೆ ಮೀರಿದ್ದು. ಆದುದರಿಂದ ನ್ಯಾಯಾಲಯದ ಮುಂಬಾಗಿಲಲ್ಲಿ ಕಾವಲು ಬಿಗಿಯಾಗಿರಬೇಕು, ಎಂಬುದು ಆ ವಾದದ ಸಾರ. ಕೇಳುವುದಕ್ಕೆ ಇದು ಹಿತವಾಗಿದೆ. ವಿಚಾರದ ಮುಂದೆ ನಿಲ್ಲತಕ್ಕುದಲ್ಲ. ನ್ಯಾಯಾಧೀಶನು ಎಲ್ಲಿಂದ ಬಂದನೆಂದು ಊರೆಲ್ಲ ವಿಚಾರಿಸುತ್ತದೆ. ಪೀಠವನ್ನು ಇಳಿದ ಮೇಲೆ ಅವನು ಎಲ್ಲಿಗೆ ಹೋಗುವನು, ಅವನನ್ನು ಕರೆದು ಕೂರಿಸುವವರು ಯಾರು, ಎಂದು ಕೇಳುವವರು ವಿರಳ. ಕಳವು ಆಗುತ್ತಿರುವುದು ಹಿಂಬಾಗಿಲಲ್ಲಿ. ಕೂಗಾಟ ಮಾತ್ರ ಮುಂಬಾಗಿಲಲ್ಲಿ.

ಇದು ದೂರದ ದೆಹಲಿಯ ಮಾತು, ತಮಗೇಕೆ, ಎಂದು ಬೆಂಗಳೂರಿನ ಪಶ್ಚಿಮದ ಬಡಾವಣೆಗಳವರು ಸುಮ್ಮನಿರುವಂತಿಲ್ಲ. ವಿಜಯನಗರದವರೂ ಗೋವಿಂದರಾಜನಗರದವರೂ ಇಂದು ಮತ ಹಾಕುವುದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ. ಕ್ಷೇತ್ರದ ಎಲ್ಲೆಗಳು ಕಾಲಕಾಲಕ್ಕೆ ಬದಲಾಗಿವೆ, ಹೆಸರು ಉಳಿದಿದೆ. ಆ ಹೆಸರಿನ ಕ್ಷೇತ್ರವು 1977ರಲ್ಲಿ ಲೋಕಸಭೆಗೆ ಕಳುಹಿಸಿದುದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರನ್ನು. ವಿಜಯನಗರಕ್ಕೂ ಕೆಂಗೇರಿಗೂ ನಡುವಣ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಯಾಗಲಿ, ಬೇರೆ ಯಾವ ಕಾಲೇಜಿನಲ್ಲಿ ಆಡಳಿತ ನ್ಯಾಯವನ್ನು ಓದುವವನಾಗಲಿ, ಅವರ ಒಂದು ತೀರ್ಪನ್ನು ದಾಟಿ ಮುಂದೆ ಹೋಗಲಾರನು. ಆ ಮಹನೀಯರು ಕೌಡೂರು ಸದಾನಂದ ಹೆಗ್ಡೆಯವರು. ಮುಂಬಾಗಿಲ ವಾದವನ್ನು ಒರೆಗೆ ಹಚ್ಚುವುದಕ್ಕೆ ಇವರ ಜೀವನಕ್ಕಿಂತ ಒಳ್ಳೆಯ ಒರೆಗಲ್ಲು ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ.

ಹೆಗ್ಡೆಯವರು 1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದರು. ಮದ್ರಾಸಿನಲ್ಲಿ ಕಾನೂನು ಓದಿ, ವಕೀಲರಾಗಿ, ಕಾಂಗ್ರೆಸ್ಸನ್ನು ಸೇರಿದರು. ದಕ್ಷಿಣ ಕನ್ನಡವು ಆಗ ಮದ್ರಾಸ್ ರಾಜ್ಯದ ಭಾಗವಾಗಿದ್ದುದರಿಂದ 1952ರಲ್ಲಿ ಆ ರಾಜ್ಯದಿಂದಲೇ ರಾಜ್ಯಸಭೆಗೆ ಚುನಾಯಿತರಾದರು. 1957ರಲ್ಲಿ ಆ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟು ಸ್ಥಾಪಿತವಾದಾಗ ಅದರ ಮೊದಲ ಮುಖ್ಯ ನ್ಯಾಯಾಧೀಶರಾದರು. 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಪಕ್ಷದ ಪೀಠದಿಂದ ನೇರವಾಗಿ ನ್ಯಾಯದ ಪೀಠಕ್ಕೆ. ನಡುವೆ ಒಂದು ವರ್ಷದ ಬಿಡುವೂ ಇಲ್ಲ. ಮುಂಬಾಗಿಲ ಕಾವಲುಗಾರರ ಲೆಕ್ಕದಂತೆ ಇವರು ಕಾಂಗ್ರೆಸ್ ಸರ್ಕಾರದ ಕೈಗೊಂಬೆಯಾಗಿರಬೇಕಾಗಿತ್ತು. ಆದುದೇನು?

1970ರ ಫೆಬ್ರವರಿಯಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಕಾನೂನನ್ನು ಹನ್ನೊಂದು ಮಂದಿಯ ಪೀಠವು ಹೊಡೆದುಹಾಕಿತು. ಬಹುಮತದ ಹತ್ತು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಜಿ ಅರಸರ ರಾಜಧನವನ್ನು ನಿಲ್ಲಿಸಿದ ಆಜ್ಞೆ ಬಿದ್ದುಹೋಯಿತು. ಅಲ್ಲಿಯೂ ಅವರು ಬಹುಮತದವರೇ. 1972ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಪ್ರಶ್ನಿಸಿ ರಾಜನಾರಾಯಣರು ಹೂಡಿದ್ದ ಮೊಕದ್ದಮೆಯ ಒಂದು ಮಧ್ಯಂತರ ತಕರಾರು ಸುಪ್ರೀಂ ಕೋರ್ಟಿಗೆ ಬಂದಾಗ, ಅರ್ಜಿದಾರರಿಗೆ ಅನುಕೂಲವಾದ ತೀರ್ಪನ್ನು ಬರೆದವರು ಹೆಗ್ಡೆಯವರು. ಅದೇ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟು 1975ರ ಜೂನ್ 12ರಂದು ಪ್ರಧಾನಿಯ ಚುನಾವಣೆಯನ್ನು ಅಸಿಂಧುವೆಂದು ಸಾರಿತು; ಮುಂದಿನ ಕಥೆ ಸರ್ವವಿದಿತ.

ಕಡೆಯದಾಗಿ ಬಂದುದು ಕೇಶವಾನಂದ ಭಾರತಿಯವರ ಮೊಕದ್ದಮೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿದುದರಿಂದ ಹುಟ್ಟಿದ ಆ ವ್ಯಾಜ್ಯವನ್ನು ಹದಿಮೂರು ಮಂದಿ ನ್ಯಾಯಾಧೀಶರು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಹೊರಬಿತ್ತು. ಸಂವಿಧಾನವನ್ನು ತಿದ್ದುವ ಅಧಿಕಾರ ಪಾರ್ಲಿಮೆಂಟಿಗೆ ಉಂಟು, ಅದರ ಮೂಲರಚನೆಯನ್ನು ಕೆಡಿಸುವ ಅಧಿಕಾರ ಇಲ್ಲ, ಎಂದು ಏಳು ಮಂದಿ ಹೇಳಿದರು. ಆರು ಮಂದಿ ಒಪ್ಪಲಿಲ್ಲ. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಕೂಡಿ ಬರೆದ ಅಭಿಪ್ರಾಯ ಆ ಏಳರಲ್ಲಿ ಸೇರಿದೆ. ಒಬ್ಬರ ಮತ ಆ ಕಡೆಗೆ ಹೊರಳಿದ್ದರೆ ಭಾರತದ ಸಂವಿಧಾನದ ಗತಿಯೇ ಬೇರೆಯಾಗುತ್ತಿತ್ತು.

ಉಪ್ಪಿನ ಋಣದ ಗಾದೆಯನ್ನು ಹೇಳುವವರು ಇಲ್ಲಿ ಉತ್ತರ ಕೊಡಬೇಕು. ಇವರು ಉಂಡ ಉಪ್ಪು ಯಾವ ಮನೆಯದು?

ಹೆಗ್ಡೆಯವರು ಅಪವಾದ, ಒಂದು ಕೋಗಿಲೆಯಿಂದ ವಸಂತವಾಗದು, ಎನ್ನುವವರುಂಟು. ಅಪವಾದವೆಂಬುದು ಸರಿಯಲ್ಲ. ನೆರೆಯ ಕೇರಳದ ವಿ.ಆರ್. ಕೃಷ್ಣಯ್ಯರ್ ಅವರು 1957ರ ಕಮ್ಯೂನಿಸ್ಟ್ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದವರು. 1968ರಲ್ಲಿ ಹೈಕೋರ್ಟಿಗೂ 1973ರಲ್ಲಿ ಸುಪ್ರೀಂ ಕೋರ್ಟಿಗೂ ಬಂದರು. 1975ರ ಜೂನ್ 24ರಂದು ಪ್ರಧಾನಿಯು ಪೂರ್ಣ ತಡೆಯಾಜ್ಞೆಯನ್ನು ಬೇಡಿದಾಗ, ತಮ್ಮನ್ನು ನೇಮಿಸಿದ ಸರ್ಕಾರದ ಮುಖ ನೋಡದೆ ಷರತ್ತಿನ ತಡೆಯನ್ನಷ್ಟೇ ಕೊಟ್ಟರು. ಅಮೆರಿಕದ ಅರ್ಲ್ ವಾರನ್ ಕ್ಯಾಲಿಫೋರ್ನಿಯಾದ ರಾಜ್ಯಪಾಲರಾಗಿ ಚುನಾಯಿತರಾಗಿದ್ದ ಪಕ್ಷದ ಮನುಷ್ಯ. 1953ರಲ್ಲಿ ಮುಖ್ಯ ನ್ಯಾಯಾಧೀಶರಾದರು. ಮರುವರ್ಷವೇ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆಗಳಿರುವುದು ಅಧರ್ಮವೆಂಬ ಒಮ್ಮತದ ತೀರ್ಪು ಅವರಿಂದ ಬಂತು. ಕೆನಡಾದಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪವೆಂಬ ಸಣ್ಣ ಪ್ರಾಂತ್ಯದ ಪ್ರಧಾನಿಯಾಗಿದ್ದ ಲೂಯಿ ಡೇವೀಸ್ 1901ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿಗೆ ಸೇರಿ, 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿ, 1924ರಲ್ಲಿ ಮೃತರಾಗುವವರೆಗೂ ಆ ಪೀಠದಲ್ಲಿಯೇ ಇದ್ದರು. ಶಾಸನ ಹೇಗೆ ಹುಟ್ಟುತ್ತದೆ, ಮಂತ್ರಿಯ ಮೇಜಿನ ಮೇಲೆ ಕಡತ ಹೇಗೆ ಚಲಿಸುತ್ತದೆ, ಬಡವನ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ಪೀಠಕ್ಕೆ ಬಂದರೆ ನ್ಯಾಯಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಹಾಗಾದರೆ ಬಹರುಲ್ ಇಸ್ಲಾಮರ ವಿಷಯವೇನು, ಎಂಬ ಪ್ರಶ್ನೆ ಏಳುತ್ತದೆ, ಏಳಬೇಕಾದುದೇ. ಅವರೂ ಕಾಂಗ್ರೆಸ್ಸಿನಿಂದ ರಾಜ್ಯಸಭೆಯಲ್ಲಿದ್ದವರು. ಅವರೂ 1972ರಲ್ಲಿ ಸದಸ್ಯತ್ವವನ್ನು ಬಿಟ್ಟು ನೇರವಾಗಿ ಗುವಾಹಾಟಿಯ ಹೈಕೋರ್ಟಿಗೆ ಬಂದವರು. 1980ರಲ್ಲಿ ಅಲ್ಲಿಂದ ನಿವೃತ್ತರಾದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಅವರನ್ನು ಸುಪ್ರೀಂ ಕೋರ್ಟಿಗೆ ಕರೆಯಲಾಯಿತು. 1982ರ ಡಿಸೆಂಬರಿನಲ್ಲಿ ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರರ ಮೇಲಣ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬಹುದೆಂದ ಬಹುಮತದಲ್ಲಿ ಅವರಿದ್ದರು. ಮರುತಿಂಗಳು ರಾಜೀನಾಮೆ ಕೊಟ್ಟು ಅಸ್ಸಾಮಿನಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಲು ಹೊರಟರು. 1983ರಲ್ಲಿಯೇ ಮತ್ತೆ ರಾಜ್ಯಸಭೆಯನ್ನು ಸೇರಿದರು. ಆ ತೀರ್ಪಿಗೂ ಈ ಸ್ಥಾನಕ್ಕೂ ಸಂಬಂಧವಿತ್ತೆಂದು ಯಾರೂ ಸಾಧಿಸಬೇಕಾಗಿಲ್ಲ. ಗಮನಿಸಬೇಕಾದುದು ಬೇರೆ. ಹೆಗ್ಡೆಯವರೂ ಇಸ್ಲಾಮರೂ ಒಳಗೆ ಬಂದುದು ಒಂದೇ ಬಾಗಿಲಿನಿಂದ, ಒಂದೇ ಪಕ್ಷದಿಂದ, ಒಂದೇ ಬಗೆಯಲ್ಲಿ. ಜನರು ಒಬ್ಬರನ್ನು ಶಂಕಿಸಲಿಲ್ಲ, ಇನ್ನೊಬ್ಬರನ್ನು ಶಂಕಿಸಿದರು. ಈ ಭೇದವು ಒಳಗೆ ಬಂದ ಬಗೆಯಿಂದ ಹುಟ್ಟಿದುದಲ್ಲ; ಹೊರಗೆ ಹೋದ ಬಗೆಯಿಂದ ಹುಟ್ಟಿದುದು.

ಶಂಕೆ ಮಾತ್ರದಿಂದ ಏನಾಯಿತು, ತಪ್ಪು ಸಿದ್ಧವಾಗಬೇಡವೆ, ಎಂಬ ಆಕ್ಷೇಪಕ್ಕೆ ಹೆಗ್ಡೆಯವರೇ 1969ರಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸುವ ಮಂಡಳಿಯಲ್ಲಿ, ಆ ಹುದ್ದೆಗೆ ತಾನೂ ಅಭ್ಯರ್ಥಿಯಾಗಿದ್ದ ಅಧಿಕಾರಿಯೊಬ್ಬರು ಸದಸ್ಯರಾಗಿ ಕುಳಿತಿದ್ದರು. ತಮ್ಮ ಹೆಸರಿನ ವಿಚಾರ ಬಂದಾಗ ಎದ್ದುಹೋದರು. ಪ್ರತಿಸ್ಪರ್ಧಿಗಳ ಹೆಸರಿನ ವಿಚಾರದಲ್ಲಿ ಪಾಲುಗೊಂಡರು. ಪಟ್ಟಿ ಹೊರಬಿದ್ದಾಗ ಅವರ ಹೆಸರೇ ಮೊದಲು. ಕ್ರೈಪಾಕ್ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಆಯ್ಕೆಯನ್ನು ರದ್ದುಮಾಡಿದರು. ಪಕ್ಷಪಾತ ನಡೆಯಿತೆಂದು ರುಜುವಾತು ಮಾಡಬೇಕಾಗಿಲ್ಲ. ಪಕ್ಷಪಾತಕ್ಕೆ ನ್ಯಾಯವಾದ ಸಂಭವವಿದ್ದರೆ ಸಾಕು. ನ್ಯಾಯಾಲಯದಲ್ಲಿ ಮಾತ್ರವಲ್ಲ, ಆಡಳಿತದ ಕಚೇರಿಯಲ್ಲಿಯೂ ಸಹಜ ನ್ಯಾಯದ ಈ ನಿಯಮ ನಡೆಯಬೇಕು: ಇದು ಆ ತೀರ್ಪಿನ ತಾತ್ಪರ್ಯ. ಸಾಮಾನ್ಯ ಅರಣ್ಯಾಧಿಕಾರಿಗೆ ಅನ್ವಯಿಸುವ ನಿಯಮವು ನಾಡಿನ ಅತ್ಯುಚ್ಚ ನ್ಯಾಯಾಧೀಶರಿಗೆ ಅನ್ವಯಿಸದೆಂದರೆ ಯಾರು ಒಪ್ಪುವರು?

ಸರ್ಕಾರವು ತನ್ನ ಕೈಯಲ್ಲಿದ್ದ ಅನುಗ್ರಹವನ್ನು ಹೇಗೆ ಪ್ರಯೋಗಿಸಬಲ್ಲುದೆಂಬುದನ್ನು ಇದೇ ಹೆಗ್ಡೆಯವರು ಮೈಮೇಲೆ ಅನುಭವಿಸಿದರು. ಕೇಶವಾನಂದ ತೀರ್ಪು ಬಂದ ಮರುದಿನವೇ ಹೊಸ ಮುಖ್ಯ ನ್ಯಾಯಾಧೀಶರ ಹೆಸರು ಪ್ರಕಟವಾಯಿತು. ಹಿರಿತನದ ಸಾಲಿನಲ್ಲಿ ಮೊದಲು ಶೇಲಟ್, ಬಳಿಕ ಹೆಗ್ಡೆ, ಬಳಿಕ ಗ್ರೋವರ್, ನಾಲ್ಕನೆಯವರು ರೇ. ಮೂವರನ್ನೂ ದಾಟಿ ನಾಲ್ಕನೆಯವರಿಗೆ ಪಟ್ಟವಾಯಿತು. ದಾಟಲ್ಪಟ್ಟ ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು; ಪಟ್ಟವಾದವರು ಸರ್ಕಾರದ ಪರವಾಗಿ ಬರೆದವರು. ಮೂವರೂ ರಾಜೀನಾಮೆ ಕೊಟ್ಟರು. ಶೇಲಟರು ಆ ಜುಲೈಯಲ್ಲಿ ನಿವೃತ್ತರಾಗುವವರಿದ್ದುದರಿಂದ, ನ್ಯಾಯವಾಗಿ ನಡೆದಿದ್ದರೆ ಹೆಗ್ಡೆಯವರು 1974ರ ಜೂನ್‌ವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿರುತ್ತಿದ್ದರು. ನ್ಯಾಯಾಧೀಶನ ಜೀವನದೃಷ್ಟಿಯನ್ನು ನೋಡಿ ಆರಿಸುವ ಹಕ್ಕು ಸರ್ಕಾರಕ್ಕುಂಟೆಂದು ಮಂತ್ರಿ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಸಮರ್ಥಿಸಿದರು. ಭೂಸುಧಾರಣೆಗೂ ಬಡವರ ಉದ್ಧಾರಕ್ಕೂ ಆ ಮೂವರು ಅಡ್ಡಿಯಾಗಿದ್ದರೆಂಬುದು ಅಂದಿನ ಕೂಗು. ಆದರೆ ಕೇಶವಾನಂದ ತೀರ್ಪಿನಲ್ಲಿ ಭೂಸುಧಾರಣೆಯ ಕಾನೂನುಗಳಿಗೆ ರಕ್ಷಣೆ ಕೊಟ್ಟ ತಿದ್ದುಪಡಿ ನಿಂತಿತು. ಮಠದ ಭೂಮಿಗೆ ಆ ತೀರ್ಪಿನಿಂದ ರಕ್ಷಣೆ ದೊರೆಯಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದುದು ರೈತನಿಗೆ ಭೂಮಿಯಷ್ಟೇ ಆಗಿದ್ದರೆ ಅದು ಸಿಕ್ಕಿತ್ತು. ಸಿಕ್ಕದೆ ಹೋದುದು ಅಂಕೆಯಿಲ್ಲದ ಅಧಿಕಾರ.

ಹೆಗ್ಡೆಯವರು ಮುಂದೆ ಮಾಡಿದುದೇನು? 1977ರ ಚುನಾವಣೆಯಲ್ಲಿ ಜನತಾ ಪಕ್ಷದ ಪರವಾಗಿ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಎದುರಾಳಿ ಸಾಮಾನ್ಯರಲ್ಲ, ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದ ಆ ವರ್ಷ ಜನತಾ ಪಕ್ಷ ಗೆದ್ದ ಎರಡರಲ್ಲಿ ಒಂದು ಹೆಗ್ಡೆಯವರದು. ಅದೇ ಜುಲೈಯಲ್ಲಿ ಅವರು ಲೋಕಸಭೆಯ ಅಧ್ಯಕ್ಷರಾದರು.

ಇಲ್ಲಿ ಅವರ ಅಭಿಮಾನಿಗಳು ಹೇಳುವುದುಂಟು: ಅವರು ಸರ್ಕಾರದ ಕೈಯಿಂದ ಏನನ್ನೂ ಪಡೆಯಲಿಲ್ಲ, ಜನರ ಬಳಿಗೆ ಹೋಗಿ ಕೇಳಿದರು, ಜನರು ಕೊಟ್ಟರು, ನಡುವೆ ನಾಲ್ಕು ವರ್ಷ ಕಳೆದಿತ್ತು. ಈ ಮಾತಿನಲ್ಲಿ ಸತ್ಯವಿದೆ. ತೀರ್ಪಿಗೆ ಪ್ರತಿಯಾಗಿ ಸರ್ಕಾರದಿಂದ ಪಡೆದ ಹುದ್ದೆಗೂ, ಸರ್ಕಾರವನ್ನು ಎದುರಿಸಿ ಜನರಿಂದ ಪಡೆದ ಸ್ಥಾನಕ್ಕೂ ಅಜಗಜಾಂತರ. ಆದರೆ ಸತ್ಯದ ಇನ್ನರ್ಧವನ್ನು ಮುಚ್ಚಿಡುವುದು ಅಭಿಮಾನವಲ್ಲ. 1978ರ ಡಿಸೆಂಬರ್ 19ರಂದು ಲೋಕಸಭೆಯು ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಗಾಗಿ ಸದಸ್ಯತ್ವದಿಂದ ಹೊರದೂಡಿ, ಅಧಿವೇಶನ ಮುಗಿಯುವವರೆಗೆ ಸೆರೆಯಲ್ಲಿರಿಸಬೇಕೆಂದು ನಿರ್ಣಯಿಸಿತು. ಆಗ ಸಭಾಧ್ಯಕ್ಷರು ಹೆಗ್ಡೆಯವರು. ನಿರ್ಣಯ ಸಭೆಯದು, ಮತ ಸಮಸಮವಾದರಲ್ಲದೆ ಅಧ್ಯಕ್ಷರಿಗೆ ಮತವಿಲ್ಲ. ಆದರೂ ಐದು ವರ್ಷಗಳ ಹಿಂದೆ ಯಾರ ಸರ್ಕಾರ ತಮ್ಮನ್ನು ದಾಟಿತ್ತೋ ಅವರನ್ನೇ ಸೆರೆಗೆ ಕಳುಹಿಸಿದ ಸಭೆಯ ಮೇಲುಪೀಠದಲ್ಲಿ ಅವರು ಕುಳಿತಿದ್ದುದು ಕ್ರೈಪಾಕ್ ತೀರ್ಪಿನ ಅಳತೆಗೆ ನಿಲ್ಲುವುದೆ? ಅವರೇ ಕೊಟ್ಟ ಅಳತೆಗೋಲಿನಿಂದ ಅಳೆದರೆ, ಅವರು ಪಕ್ಷಪಾತ ಮಾಡಿದರೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಹಾಗೆಂದು ಶಂಕಿಸಲು ನ್ಯಾಯವಾದ ಕಾರಣವಿತ್ತೆ ಎಂಬುದೇ ಪ್ರಶ್ನೆ. ಇತ್ತೆಂದು ಒಪ್ಪಲೇಬೇಕು. 1973ರಲ್ಲಿ ಅವರು ತೋರಿದ ಧೈರ್ಯಕ್ಕೂ, ಅದು ಪಕ್ಷದ ಮನುಷ್ಯನ ಹಳೆಯ ಹಗೆಯೆಂದು ಹೇಳುವವರಿಗೆ, ಈ ಮರಳುವಿಕೆಯಿಂದ ಒಂದು ನೆಪ ಸಿಕ್ಕಿತು. ಸರ್ಕಾರದ ಅನುಗ್ರಹವನ್ನು ಮುಟ್ಟದವರ ಗತಿಯೇ ಹೀಗಾದರೆ, ಮುಟ್ಟಿದವರ ಮಾತೇನು?

ಅಂಥವರ ಪಟ್ಟಿ ಬೆಳೆಯುತ್ತಿದೆ. ಮುಖ್ಯ ನ್ಯಾಯಾಧೀಶರಾಗಿದ್ದ ಪಿ. ಸದಾಶಿವಂ ಅವರು ನಿವೃತ್ತರಾದ 2014ರಲ್ಲಿಯೇ ಕೇರಳದ ರಾಜ್ಯಪಾಲರಾದರು. ರಂಜನ್ ಗೊಗೊಯ್ ಅವರು 2019ರ ನವೆಂಬರಿನಲ್ಲಿ ನಿವೃತ್ತರಾಗಿ 2020ರ ಮಾರ್ಚಿಯಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಹೆಗ್ಡೆಯವರ ಕರಾವಳಿಯವರೇ ಆದ ಎಸ್. ಅಬ್ದುಲ್ ನಜೀರ್ ಅವರು 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕಗೊಂಡರು. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯರು 2024ರ ಮಾರ್ಚಿಯಲ್ಲಿ ರಾಜೀನಾಮೆ ಕೊಟ್ಟು, ಅದೇ ವಾರ ಪಕ್ಷವನ್ನು ಸೇರಿ, ಅದೇ ಬೇಸಗೆಯಲ್ಲಿ ಲೋಕಸಭೆಗೆ ಗೆದ್ದರು. ಇವರ ಯಾವ ತೀರ್ಪಿನಲ್ಲಿ ಏನು ಕುಂದಿತ್ತೆಂಬ ವಿಚಾರ ಇಲ್ಲಿ ಬೇಡ. ಇವರೆಲ್ಲ ಪ್ರಾಮಾಣಿಕರೆಂದೇ ಇಟ್ಟುಕೊಂಡರೂ ವಾದ ಕುಗ್ಗುವುದಿಲ್ಲ. ಇದು ಇಂದಿನ ಒಂದು ಪಕ್ಷದ ಪಾಪವೂ ಅಲ್ಲ. ಮುಖ್ಯ ನ್ಯಾಯಾಧೀಶರಾಗಿದ್ದ ರಂಗನಾಥ ಮಿಶ್ರರು 1998ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. ಭಾರತದ ಒಬ್ಬಳ ಚಾಳಿಯೂ ಅಲ್ಲ. ಮೇಲೆ ಹೇಳಿದ ಡೇವೀಸರಿಗಿಂತ ಮುಂಚೆ ಕೆನಡಾದ ಮುಖ್ಯ ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಫಿಟ್ಸ್‌ಪ್ಯಾಟ್ರಿಕ್ 1918ರಲ್ಲಿ ಪೀಠವನ್ನು ಇಳಿದು ಕ್ವಿಬೆಕ್ ಪ್ರಾಂತ್ಯದ ರಾಜ್ಯಪಾಲ ಪದವಿಯನ್ನು ಏರಿದರು. ಎಲ್ಲರೂ ಮಾಡಿದ್ದಾರೆಂಬುದರಿಂದ ಕೆಟ್ಟುದು ಒಳ್ಳೆಯದಾಗದು.

ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. 1973ರಲ್ಲಿ ಸರ್ಕಾರದ ಕೈಯಲ್ಲಿದ್ದ ಕೋಲು ಬಡ್ತಿಯದು. 1977ರ ಜನವರಿಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರನ್ನು ದಾಟಿದಾಗಲೂ ಅದೇ ಕೋಲು ಬೀಸಿತು. ಆಮೇಲೆ ಮುಖ್ಯ ನ್ಯಾಯಾಧೀಶರ ಪದವಿಗೆ ಹಿರಿತನದ ಸಂಪ್ರದಾಯ ಮರಳಿ ನೆಲೆಗೊಂಡಿತು. 1993ರ ತೀರ್ಪಿನಿಂದ ನೇಮಕದಲ್ಲಿ ನ್ಯಾಯಾಧೀಶರ ಮಾತಿಗೇ ಮೇಲುಗೈಯಾಯಿತು. ಕೋಲು ಮೊಂಡಾಯಿತು. ಉಳಿದುದು ಬೆಲ್ಲದ ತುಂಡು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರು 65ರಲ್ಲಿಯೂ ಹೈಕೋರ್ಟಿನವರು 62ರಲ್ಲಿಯೂ ನಿವೃತ್ತರಾಗುವರಷ್ಟೆ. ಆ ವಯಸ್ಸಿಗೆ ದೇಹದಲ್ಲಿ ಶಕ್ತಿಯಿದೆ, ಮನಸ್ಸಿನಲ್ಲಿ ಆಸೆಯಿದೆ. ಸರ್ಕಾರವು ನ್ಯಾಯಾಲಯಗಳಲ್ಲಿ ಅತ್ಯಂತ ದೊಡ್ಡ ವ್ಯಾಜ್ಯಗಾರ. ವ್ಯಾಜ್ಯಗಾರನ ಜೇಬಿನಲ್ಲಿ ಬೆಲ್ಲವಿದೆಯೆಂದು ತಿಳಿದ ಮೇಲೆ, ಸೋತ ಬಡ ಕಕ್ಷಿಗಾರನು ತೀರ್ಪನ್ನು ನಂಬಬೇಕೆಂದು ಯಾವ ಬಾಯಿಂದ ಹೇಳುವುದು?

ಸಂವಿಧಾನವನ್ನು ರಚಿಸಿದವರಿಗೆ ಈ ಭಯ ತಿಳಿಯದುದಲ್ಲ. ಸರ್ಕಾರದ ಲೆಕ್ಕಗಳನ್ನು ಪರೀಕ್ಷಿಸುವ ಮಹಾಲೇಖಪಾಲರು ಆ ಹುದ್ದೆಯನ್ನು ಬಿಟ್ಟ ಮೇಲೆ ಸರ್ಕಾರದ ಅಡಿಯಲ್ಲಿ ಬೇರೆ ಹುದ್ದೆಯನ್ನು ಹಿಡಿಯಕೂಡದೆಂದು 148ನೆಯ ವಿಧಿ ಹೇಳುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷರಿಗೂ 319ನೆಯ ವಿಧಿಯಲ್ಲಿ ಇಂಥದೇ ನಿಷೇಧವಿದೆ. ಲೆಕ್ಕ ನೋಡುವವನಿಗೆ ಬೇಲಿ ಹಾಕಿದ ಸಂವಿಧಾನ, ಪ್ರಾಣ ಮಾನಗಳನ್ನು ತೂಗುವವನಿಗೆ ಹಾಕಲಿಲ್ಲ. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಇದನ್ನು ಸೂಚಿಸಿದ್ದರು. ಸರ್ಕಾರಕ್ಕೆ ಹಿತಾಸಕ್ತಿಯಿರುವ ವ್ಯಾಜ್ಯಗಳು ನ್ಯಾಯಾಲಯಕ್ಕೆ ಬರುವುದೇ ಕಡಮೆ ಎಂಬ ಕಾರಣದಿಂದ ಡಾಕ್ಟರ್ ಅಂಬೇಡ್ಕರ್ ಅವರು ಒಪ್ಪಲಿಲ್ಲ. ಅಂದು ಆ ಕಾರಣ ಸಾಕಾಗಿದ್ದಿರಬಹುದು. ಇಂದು ಅದು ಉಳಿದಿಲ್ಲ. 1958ರಲ್ಲಿ ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು ನಿವೃತ್ತ ನ್ಯಾಯಾಧೀಶರು ಸರ್ಕಾರದ ಹುದ್ದೆಗಳನ್ನು ಹಿಡಿಯಬಾರದೆಂದು ಶಿಫಾರಸು ಮಾಡಿತು. ಅದೇ ಆಯೋಗದ ಸದಸ್ಯರಾಗಿದ್ದ ಮುಂಬಯಿಯ ಮುಖ್ಯ ನ್ಯಾಯಾಧೀಶ ಚಾಗ್ಲಾ ಅವರು ಅದೇ ವರ್ಷ ಅಮೆರಿಕದಲ್ಲಿ ರಾಯಭಾರಿಯಾದರು. ಉಪದೇಶದಿಂದ ಈ ರೋಗ ವಾಸಿಯಾಗದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ. ಬೇಕಾದುದು ಕಾನೂನು.

ಹಾಗೆ ಮಾಡಿದರೆ ಲೋಕಾಯುಕ್ತರನ್ನೂ ಆಯೋಗಗಳ ಅಧ್ಯಕ್ಷರನ್ನೂ ಎಲ್ಲಿಂದ ತರುವುದೆಂಬುದು ಕಡೆಯ ಆಕ್ಷೇಪ. ಇದಕ್ಕೆ ಸಮಾಧಾನ ಸುಲಭ. ನ್ಯಾಯಾಧೀಶನ ಅನುಭವವೇ ಅರ್ಹತೆಯೆಂದು ಕಾನೂನು ಹೇಳುವ, ಆಯ್ಕೆಯಲ್ಲಿ ಸರ್ಕಾರವಲ್ಲದೆ ಇತರರಿಗೂ ಮಾತಿರುವ ಹುದ್ದೆಗಳು ಬೇರೆ. ಕರ್ನಾಟಕದ ಲೋಕಾಯುಕ್ತರನ್ನು ಆರಿಸುವಾಗ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೊಡನೆಯೂ ವಿರೋಧಪಕ್ಷದ ನಾಯಕರೊಡನೆಯೂ ಸಮಾಲೋಚಿಸಬೇಕೆಂಬುದು 1984ರ ಕಾಯಿದೆಯ ನಿಯಮ. ಆ ಹುದ್ದೆಯಲ್ಲಿದ್ದ ಎನ್. ಸಂತೋಷ್ ಹೆಗ್ಡೆಯವರು, ಸದಾನಂದ ಹೆಗ್ಡೆಯವರ ಮಗ, 2011ರಲ್ಲಿ ಗಣಿಗಾರಿಕೆಯ ಮೇಲೆ ಕೊಟ್ಟ ವರದಿಯಿಂದ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಡಬೇಕಾಯಿತು. ರಾಜ್ಯಪಾಲ ಪದವಿಗೂ, ರಾಯಭಾರಕ್ಕೂ, ರಾಜ್ಯಸಭೆಯ ನಾಮಕರಣಕ್ಕೂ ನ್ಯಾಯಾಧೀಶತನ ಅರ್ಹತೆಯಲ್ಲ. ಅವು ಬರಿಯ ಅನುಗ್ರಹ. ಅವುಗಳನ್ನು ನಿವೃತ್ತ ನ್ಯಾಯಾಧೀಶರಿಗೆ ಪೂರ್ತಿಯಾಗಿ ನಿಷೇಧಿಸಬೇಕು. ಚುನಾವಣೆಗೆ ನಿಲ್ಲುವ ಹಕ್ಕು ಪ್ರಜೆಯ ಹಕ್ಕಾದುದರಿಂದ ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಐದು ವರ್ಷ, ಎಂದರೆ ಲೋಕಸಭೆಯ ಒಂದು ಪೂರ್ಣಾವಧಿ, ಕಳೆಯಲಿ. ಯಾವ ಸರ್ಕಾರದ ವ್ಯಾಜ್ಯಗಳನ್ನು ಅವರು ತೀರ್ಮಾನಿಸಿದರೋ ಆ ಸರ್ಕಾರ ಅಷ್ಟರಲ್ಲಿ ಒಮ್ಮೆ ಜನರ ಮುಂದೆ ನಿಂತಿರುತ್ತದೆ.

ಈ ನಿಯಮ ಅಂದು ಇದ್ದಿದ್ದರೆ 1977ರಲ್ಲಿ ಹೆಗ್ಡೆಯವರೂ ನಿಲ್ಲಲಾಗುತ್ತಿರಲಿಲ್ಲ. ತುರ್ತುಪರಿಸ್ಥಿತಿಯ ತರುವಾಯ ಬೆಂಗಳೂರು ದಕ್ಷಿಣಕ್ಕೆ ಅವರಂಥ ಪ್ರತಿನಿಧಿ ದೊರೆಯುತ್ತಿರಲಿಲ್ಲ. ಅದು ನಷ್ಟವೇ ಸರಿ. ಆದರೆ ಒಳ್ಳೆಯವರನ್ನು ಬಿಟ್ಟು ಕೆಟ್ಟವರನ್ನು ಮಾತ್ರ ತಡೆಯುವ ಬೇಲಿಯನ್ನು ಯಾರೂ ಇದುವರೆಗೆ ನೇಯ್ದಿಲ್ಲ. ಪಕ್ಷದಿಂದ ಪೀಠಕ್ಕೆ ಬಂದವರು ಋಣವನ್ನು ಮರೆತು ತೀರ್ಪು ಕೊಡಬಲ್ಲರೆಂಬುದನ್ನು ಹೆಗ್ಡೆಯವರು ಹದಿನಾರು ವರ್ಷ ತೋರಿಸಿಕೊಟ್ಟರು. ಬರಲಿರುವ ಬಹುಮಾನವನ್ನು ಮರೆತು ತೀರ್ಪು ಕೊಡಿರೆಂದು ಎಲ್ಲ ನ್ಯಾಯಾಧೀಶರನ್ನೂ ಬೇಡುವುದು ವ್ಯರ್ಥ. ಬಹುಮಾನವೇ ಇಲ್ಲದಂತೆ ಮಾಡುವುದು ಪಾರ್ಲಿಮೆಂಟಿನ ಕೆಲಸ. ಮತ ಕೇಳಲು ಮುಂದಿನ ಸಲ ಬಾಗಿಲಿಗೆ ಬರುವವರನ್ನು ವಿಜಯನಗರದವರೂ ರಾಜಾಜಿನಗರದವರೂ ಬಸವೇಶ್ವರನಗರದವರೂ ಕೆಂಗೇರಿಯವರೂ ಚರಂಡಿ ನೀರುಗಳ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಲಿ: ನ್ಯಾಯಪೀಠದ ಹಿಂಬಾಗಿಲನ್ನು ಮುಚ್ಚುವ ಮಸೂದೆಗೆ ತಮ್ಮ ಕೈ ಏಳುವುದೋ ಇಲ್ಲವೋ?